ಟೈಲರನ್ನು ಅಳಿಸಿದ ಸಿನಿಮಾ

ನಮ್ಮ ಬೀದಿಯ ಟೈಲರ್‌ಗೆ ಐವತ್ತೊಂದು ತುಂಬಿದರೂ ಮದುವೆಯಾಗಿರಲಿಲ್ಲ. ಅಳತೆ ತೆಗೆಯುವಾಗ ಟೇಪಿಗಿಂತ ಅವನ ಬಾಯೇ ಮುಂದೆ ಓಡುತ್ತಿತ್ತು. ಇಂಥ ಮಾತಿನಮಲ್ಲನಿಗೆ ಎದುರಿನ ದಾರ-ಗುಂಡಿ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಬಾಯಿ ಕಟ್ಟುತ್ತಿತ್ತು. ಆ ಅಂಗಡಿಯಾಕೆ ಗಂಡನನ್ನು ಕಳೆದುಕೊಂಡು ಹನ್ನೆರಡು ವರ್ಷವಾಗಿತ್ತು. ಒಂದೇ ಸಲ ಡಜನ್ ದಾರದ ರೀಲು ತರಬಹುದಾಗಿದ್ದವನು ದಿನಕ್ಕೊಂದು ತರುತ್ತಿದ್ದ. ಇದರ ಅರ್ಥ ಬೀದಿಗೆಲ್ಲ ಗೊತ್ತಿತ್ತು. ಹೇಳಬೇಕಾದವನು ಮಾತ್ರ ಹೇಳಿರಲಿಲ್ಲ.

ನರ್ಸ್ ಆಗಿದ್ದ ಅವನ ಅಕ್ಕನ ಮಗಳು ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಮಾವನನ್ನು ಎಳೆದುಕೊಂಡು ಹೋದಳು. ಜಪಾನಿನ ಪ್ರೇಮಕತೆ, ಅದೂ ಕಾರ್ಟೂನು. ಮಕ್ಕಳ ಸಿನಿಮಾ ನೋಡುವ ವಯಸ್ಸೇನು ತನ್ನದು ಎಂದು ಅವನು ದಾರಿಯುದ್ದಕ್ಕೂ ಗೊಣಗಿದ.

ಮೊದಲ ಹತ್ತು ನಿಮಿಷ ಅವನು ಕತೆ ನೋಡಲಿಲ್ಲ, ಬಟ್ಟೆ ನೋಡಿದ. ಹುಡುಗಿ ಬಗ್ಗಿದಾಗ ಲಂಗದ ನೆರಿಗೆ ಬೀಳಬೇಕಾದ ಕಡೆಯೇ ಬೀಳುತ್ತಿತ್ತು. ನೆನೆದ ಕೋಟು ಭುಜದಲ್ಲಿ ಜೋತುಬೀಳುವುದನ್ನೂ ಬಿಡದೆ ಬಿಡಿಸಿದ್ದರು. ಇವರು ಒಂದು ದಿನವಾದರೂ ಕತ್ತರಿ ಹಿಡಿದಿರಬೇಕು ಎಂದು ಪಿಸುಗುಟ್ಟಿ ಹಿಂದಿನ ಸಾಲಿನವರಿಂದ ಬೈಸಿಕೊಂಡ. ಪರದೆಯ ಕೆಳಗೆ ಬರುವ ಮಾತಿನ ಅನುವಾದ ಓದುವಷ್ಟರಲ್ಲಿ ಮುಖಗಳು ತಪ್ಪಿಹೋಗುತ್ತಿದ್ದವು; ಆಮೇಲೆ ಓದುವುದನ್ನೇ ಬಿಟ್ಟ.

ದೋಣಿ ನಡೆಸುವ ಹುಡುಗ, ದಡದಲ್ಲಿ ಟಿಕೆಟ್ ಕೊಡುವ ಹುಡುಗಿ. ಅವನು ಊರು ಬಿಡುವ ದಿನ ಕೋಟಿನ ಗುಂಡಿ ಕಿತ್ತುಬರುತ್ತದೆ. ಅವಳ ಬಳಿ ಇದ್ದದ್ದು ಕೆಂಪು ದಾರ, ಅದರಲ್ಲೇ ಹೊಲಿದುಕೊಡುತ್ತಾಳೆ. ಏಳು ವರ್ಷದ ಮೇಲೆ ಅವನು ಮರಳುತ್ತಾನೆ. ಉಳಿದ ಗುಂಡಿಗಳೆಲ್ಲ ಬದಲಾಗಿವೆ, ಅದೊಂದು ಮಾತ್ರ ಕೆಂಪು ದಾರದಲ್ಲೇ ನಿಂತಿದೆ. ಟೈಲರ್ ತೋಳಿನಿಂದ ಕಣ್ಣು ಮೂಗು ಒರೆಸಿಕೊಂಡ. ಕರವಸ್ತ್ರ ಕೊಡಲು ತಿರುಗಿದ ಅಕ್ಕನ ಮಗಳು ಅವನ ಅವಸ್ಥೆ ನೋಡಿ, ತನ್ನ ಅಳು ಮರೆತು ನಕ್ಕುಬಿಟ್ಟಳು.

ಮರುದಿನ ಅಂಗಡಿಗೆ ಬಂದವರಿಗೆಲ್ಲ ಅದೇ ಕತೆ. ಸಂಜೆ ರೀಲು ತರಲು ಹೋದವನು, ಅದೇ ಗುಂಗಿನಲ್ಲಿ ಎದುರಂಗಡಿಯಾಕೆಗೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹಾಗಾದರೆ ತಾನೂ ನೋಡಬೇಕು ಎಂದಳು ಆಕೆ. ಬುಧವಾರ ಇಬ್ಬರೂ ಅಂಗಡಿ ಬಾಗಿಲೆಳೆದು ಹೋದರು.

ಎರಡನೇ ಸಲವೂ ಅವನು ಅತ್ತ. ಆಕೆಯ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಹೊರಗೆ ಚಹಾ ಕುಡಿಯುವಾಗ ಯಾಕೆಂದು ಕೇಳಿದ.

"ಸಿನಿಮಾ ಚೆನ್ನಾಗೇ ಇದೆ," ಎಂದಳು. "ಆದ್ರೆ ಏಳು ವರ್ಷದಲ್ಲಿ ಆ ಹುಡುಗ ಒಂದು ಕಾಗದನಾದ್ರೂ ಬರೆದ್ನಾ? ಆಮೇಲೆ ಬಂದು ಗುಂಡಿ ತೋರಿಸ್ತಾನೆ. ಅವನ ಮನಸಲ್ಲಿ ಏನಿದೆ ಅಂತ ಆ ಹುಡುಗಿಗೆ ಹೇಗೆ ಗೊತ್ತಾಗ್ಬೇಕು?"

ಟೈಲರ್ ಲೋಟ ಕೆಳಗಿಟ್ಟ. ಕಿವಿ ಬಿಸಿಯಾಯಿತು.

"ನಾನು ಹತ್ತು ವರ್ಷದಿಂದ ದಾರ ತಗೊಳ್ತಾ ಇದೀನಲ್ಲ," ಎಂದ. "ಅಷ್ಟು ದಾರ ನಂಗೆ ಬೇಕಿರ್ಲಿಲ್ಲ."

"ಗೊತ್ತು. ಅಷ್ಟು ಹೊಲಿಯೋ ವೇಗ ನಿಮ್ಮದಲ್ಲ," ಎಂದಳು ಆಕೆ ನಗು ತಡೆದುಕೊಂಡು. "ಮುಂದೆ ಹೇಳಿ."

ಅವನು ಹೇಳಿದ. ತಡವರಿಸಿದ, ನಡುವೆ ಎರಡು ಸಲ ಚಹಾ ಬೇಕೇ ಎಂದು ಕೇಳಿದ, ಆದರೂ ಪೂರ್ತಿ ಹೇಳಿದ. ಯೋಚಿಸುತ್ತೇನೆ ಎಂದ ಆಕೆ ಶುಕ್ರವಾರ ತಾನೇ ರಸ್ತೆ ದಾಟಿ ಬಂದು ಒಪ್ಪಿಗೆ ಕೊಟ್ಟಳು.

ಮುಂದಿನ ತಿಂಗಳು ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಅಕ್ಕನ ಮಗಳು ಸಾಕ್ಷಿಯಾಗಿ ಸಹಿ ಹಾಕಿದಳು. ಈಗಲೂ ಬುಧವಾರ ಇಬ್ಬರೂ ಸಿನಿಮಾಕ್ಕೆ ಹೋಗುತ್ತಾರೆ. ಆರಿಸುವವಳು ಆಕೆ. ಆಕೆಗೆ ಹೊಡೆದಾಟದ ಚಿತ್ರಗಳೆಂದರೆ ಪ್ರಾಣ.