ನನ್ನ ಖಾಲಿ ತಾಟಿನ ಸಿನಿಮಾ

ನನ್ನ ಸೊಸೆ ನನ್ನನ್ನು ಉಪವಾಸ ಕೆಡವಿಲ್ಲ. ಆ ದೀಪಾವಳಿ ಪಾಡ್ಯದ ದಿನ ನಾನು ಐದು ಹೋಳಿಗೆ ತಿಂದಿದ್ದೆ, ತುಪ್ಪ ಸುರಿದುಕೊಂಡು. ಸಂಜೆಗೆ ಹೊಟ್ಟೆ ಉಬ್ಬಿ ಅಜವಾನದ ನೀರು ಕುಡಿದೆ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಸಿನಿಮಾ.

ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಯಾಕೆಂದರೆ ದಾಂಡೇಲಿಯ ನಮ್ಮ ಓಣಿಯಲ್ಲಿ ಕೆಲವರು ಇವತ್ತಿಗೂ ನನ್ನನ್ನು ಕಂಡರೆ ಮೊದಲು ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ.

ನಾನು ಕಲಿತದ್ದು ಎರಡನೇ ಇಯತ್ತೆ. ಹುಟ್ಟಿದ್ದು ಮುಂಡಗೋಡ ಕಡೆಯ ಚಿಗಳ್ಳಿಯಲ್ಲಿ. ಲಗ್ನವಾದದ್ದು ಧಾರವಾಡ ಕಡೆಯಿಂದ ಇಲ್ಲಿಯ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರ ಮನೆಗೆ. ಗಂಡ ಮಿಲ್ಲಿನಲ್ಲಿದ್ದ, ಈಗ ಮಗ ಅಲ್ಲೇ ಇದ್ದಾನೆ. ಸೊಸೆ ಹಳಿಯಾಳದವಳು, ರೊಟ್ಟಿ ಮಾಡಿ ಮಾರುತ್ತಾಳೆ. ಓಣಿಯ ಹತ್ತು ಮನೆಗಳಿಗೆ ದಿನಾ ಅವಳದೇ ರೊಟ್ಟಿ. ರಜೆ ಬಂತೆಂದರೆ ಕುಳಗಿ ರಸ್ತೆಯ ಒಂದು ರೆಸಾರ್ಟಿಗೂ ಹೋಗುತ್ತದೆ. ರಬ್ಬರಿನ ದೋಣಿ ಹತ್ತಿ ನದಿಯಲ್ಲಿ ಕಿರುಚಿ ಬರುವ ಮಂದಿಗೆ ಮಧ್ಯಾಹ್ನ ಜೋಳದ ರೊಟ್ಟಿಯೇ ಬೇಕಂತೆ. ಮನೆಯ ಕಿಟಕಿಯಿಂದ ರೊಟ್ಟಿ ಕೊಡುವಾಗ ಹೊರಗಿನವರಿಗೆ ಸೊಸೆಯ ಮುಖ ಕಾಣುವುದಿಲ್ಲ, ಬಲಗೈ ಕಾಣುತ್ತದೆ. ಹಸಿರು ಬಳೆ, ಮಣಿಕಟ್ಟಿನ ಮೇಲೆ ಹಂಚು ತಾಗಿ ಸುಟ್ಟ ಉದ್ದನೆಯ ಕಲೆ. ಆ ಕೈ ಓಣಿಗೆಲ್ಲ ಗೊತ್ತು.

ಮೊಮ್ಮಗಳು ಧಾರವಾಡದಲ್ಲಿ ಕಾಲೇಜು ಓದುತ್ತಾಳೆ. ರಜೆಗೆ ಬರುವಾಗ ಪ್ರತಿ ಸಲ ಒಂದು ಚೀಲ ಒಗೆಯುವ ಬಟ್ಟೆ ತರುತ್ತಾಳೆ. ಆ ಸಲ ಅದರ ಜೊತೆಗೆ ಒಂದು ಪ್ರಾಜೆಕ್ಟನ್ನೂ ತಂದಳು. ಹಿರಿಯರ ಸಮಸ್ಯೆಯ ಮೇಲೆ ಹತ್ತು ನಿಮಿಷದ ಸಿನಿಮಾ ಮಾಡಬೇಕಂತೆ, ಫೋನಿನಲ್ಲಿಯೇ. ಪೆನ್ನು ಹಿಡಿದು ನನ್ನ ಎದುರು ಕೂತಳು.

"ಆಯೀ, ನಿನ್ನ ಸಮಸ್ಯೆ ಏನೈತಿ ಹೇಳು."

"ಮೊಣಕಾಲು."

"ಅದಲ್ಲ. ಮನಸಿಗೆ ಹತ್ತೂವಂಥಾದ್ದು."

"ನಿಮ್ಮಪ್ಪ ಕ್ರಿಕೆಟ್ ಹಚ್ಚಿ ನನ್ನ ಧಾರಾವಾಹಿ ಬಂದ್ ಮಾಡ್ತಾನ. ಅದು ಭಾಳ ಮನಸಿಗೆ ಹತ್ತೈತಿ."

ಅದನ್ನು ಅವಳು ಬರೆದುಕೊಳ್ಳಲಿಲ್ಲ. ಎರಡು ದಿನ ವಿಚಾರ ಮಾಡಿ ತಾನೇ ನನಗೊಂದು ಸಮಸ್ಯೆ ಹುಡುಕಿಕೊಟ್ಟಳು. ನನಗೆ ಹೊಟ್ಟೆಗೆ ಹಾಕುವವರಿಲ್ಲ. ಹಬ್ಬದ ದಿನ ಎಲ್ಲರೂ ಒಳಗೆ ಹೋಳಿಗೆ ಉಣ್ಣುತ್ತಿರುತ್ತಾರೆ. ನಾನು ಹೊರಗೆ ಮೆಟ್ಟಿಲ ಮೇಲೆ ಖಾಲಿ ತಾಟು ಹಿಡಿದು ಕೂತಿರುತ್ತೇನೆ. ಒಳಗಿನಿಂದ ಒಂದು ಕೈ ಬಂದು ಬಾಗಿಲು ಹಾಕಿಕೊಳ್ಳುತ್ತದೆ.

"ಯಾರ ಕೈ?" ಎಂದು ಕೇಳಿದೆ.

"ಅವ್ವಂದು."

ಸೊಸೆ ಒಲೆಯ ಮುಂದಿನಿಂದಲೇ ನಕ್ಕಳು. "ಮಾರಿ ಬರಂಗಿಲ್ಲಲ್ಲ? ಬರೇ ಕೈ ಅಲ್ಲ? ತಗಿ ತಗಿ. ಆದ್ರ ಲಗೂ ಮುಗಸು, ನನಗ ಹೂರಣ ರುಬ್ಬೂದೈತಿ."

ಮುಖ ಬರದಿದ್ದರೆ ಸಾಕು ಎಂದು ಅವಳೂ ತಿಳಿದಳು, ನಾನೂ ತಿಳಿದೆ. ಇಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಇರಬೇಕಿತ್ತು.

ಪಾಡ್ಯದ ಬೆಳಿಗ್ಗೆ ನಾನು ಸಗಣಿಯ ಪಾಂಡವರನ್ನು ಮಾಡಿ, ಚೆಂಡು ಹೂವು ಚುಚ್ಚಿ, ಬಾಗಿಲ ಮುಂದೆ ಕೂಡಿಸಿದ್ದೆ. ಪ್ರತಿ ವರ್ಷ ಮಾಡುವುದೇ. ಮೊಮ್ಮಗಳು ಬಂದು, ಇವರಿದ್ದರೆ ಮನೆ ಬಡವರದು ಅನಿಸುವುದಿಲ್ಲ, ಹಬ್ಬದ ಕಳೆ ಬರುತ್ತದೆ ಎಂದು ಐದೂ ಮಂದಿಯನ್ನು ಎತ್ತಿ ಬಚ್ಚಲ ಕಡೆಗೆ ಕಳಿಸಿದಳು. ಪಾಂಡವರಿಗೆ ವನವಾಸ ಹೊಸದಲ್ಲ, ಸುಮ್ಮನೆ ಹೋದರು.

ಉಂಡ ಮೇಲೆಯೇ ಶೂಟಿಂಗ್ ಎಂದು ನಾನು ಮೊದಲೇ ಹೇಳಿದ್ದೆ. ಅದಕ್ಕೇ ಐದು ಹೋಳಿಗೆ. ಹರಕು ಸೀರೆ ಉಡಿಸಿ, ತಲೆ ಕೆದರಿಸಿ, ತಾಟು ಕೊಟ್ಟು ಮೆಟ್ಟಿಲ ಮೇಲೆ ಕೂಡಿಸಿದಳು. ಮೊದಲನೇ ಸಲ ನಾನು ತೇಗಿದೆ. ಎರಡನೇ ಸಲ ನನ್ನ ಗಲ್ಲದ ಮೇಲಿನ ತುಪ್ಪ ಬಿಸಿಲಿಗೆ ಹೊಳೆಯಿತು. ಮೂರನೇ ಸಲ ಎಲ್ಲ ಸರಿಯಾಗಿತ್ತು, ಅಷ್ಟರಲ್ಲಿ ಪಕ್ಕದ ಮೈದಾನದಿಂದ ಇಪ್ಪತ್ತು ಮಂದಿ "ಔಟ್!" ಎಂದು ಕೂಗಿದರು. ಔಟಾದವನು ನನ್ನ ಮಗ. ನಾಲ್ಕನೇ ಸಲ ನನಗೆ ಹೊಟ್ಟೆಯ ಭಾರಕ್ಕೆ ತೂಕಡಿಕೆ ಬಂದು ಕತ್ತು ವಾಲಿತು. ಮೊಮ್ಮಗಳು ಕುಣಿದಾಡಿದಳು. ಸಿನಿಮಾದಲ್ಲಿ ಅದು ಹಸಿವಿನ ಮೂರ್ಛೆ.

ಆ ದಿನ ನಮ್ಮ ಮನೆಯಲ್ಲಿ ಹಸಿದವರು ಯಾರೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬಳಿದ್ದಳು. ನಸುಕಿನಿಂದ ಒಲೆಯ ಮುಂದಿದ್ದವಳು, ನಡುವೆ ನಾಲ್ಕು ಸಲ ಬಂದು ಬಾಗಿಲು ಹಾಕಿ ಕೈ ತೋರಿಸಿ ಹೋದವಳು, ಸಂಜೆ ನಾಲ್ಕಕ್ಕೆ ಕಟ್ಟೆಗೆ ಒರಗಿ ನಿಂತುಕೊಂಡೇ ಒಂದೂವರೆ ಹೋಳಿಗೆ ತಿಂದಳು. ಅದರ ಸಿನಿಮಾ ಯಾರೂ ತೆಗೆಯಲಿಲ್ಲ. ನಾನೂ "ಉಂಡಿ ಏನವಾ?" ಎಂದು ಕೇಳಲಿಲ್ಲ.

ಔಟಿನ ವಿಷಯಕ್ಕೆ ಬರುತ್ತೇನೆ. ದೀಪಾವಳಿ ರಜೆಯಲ್ಲಿ ನಮ್ಮ ಓಣಿಯ ಗಂಡಸರಿಗೆ ಟೆನಿಸ್ ಬಾಲಿನ ಕ್ರಿಕೆಟ್ ಬರುತ್ತದೆ, ನೆಗಡಿ ಬಂದ ಹಾಗೆ. ಬೆನ್ನ ಮೇಲೆ ಹೆಸರು ಬರೆದ ಬಣ್ಣದ ಅಂಗಿ ಹೊಲಿಸುತ್ತಾರೆ. ಅಂಗಿಯ ಒಳಗೆ ಹೊಟ್ಟೆ ಮಾತ್ರ ಮಿಲ್ಲಿನದೇ. ನನ್ನ ಮಗ ಒಂದು ತಂಡದ ನಾಯಕ, ಓಡುವುದೊಂದು ಬಿಟ್ಟು ಎಲ್ಲ ಮಾಡುತ್ತಾನೆ. ಕೊನೆಯ ದಿನ ಸಂಜೆ ಕಪ್ ಕೊಡುವ ಕಾರ್ಯಕ್ರಮ. ತಮ್ಮ ಸಿಕ್ಸರುಗಳನ್ನು ತಾವೇ ನೋಡಿಕೊಳ್ಳಲು ಬಿಳಿ ಪರದೆ ಕಟ್ಟಿ ಯಂತ್ರ ತರಿಸಿದ್ದರು. ಓಣಿಗೆ ಓಣಿಯೇ ಬಂದು ಕೂತಿತ್ತು. ಜೋಯ್ಡಾದಿಂದ ಬರಬೇಕಾದ ಅತಿಥಿ ಬರಲಿಲ್ಲ. ಮಂದಿ ಎದ್ದು ಹೋಗಬಾರದೆಂದು ನನ್ನ ಮಗನೇ ಮೈಕಿನಲ್ಲಿ, "ಅಲ್ಲೀತನಕ ನನ್ನ ಮಗಳ ಸಿನಿಮಾ ನೋಡ್ರಿ" ಎಂದ.

ಪರದೆಯ ಮೇಲೆ ನನ್ನ ಮುಖ ಎಮ್ಮೆಯಷ್ಟು ದೊಡ್ಡದಾಗಿ ಬಂತು. ಹಿಂದಿನಿಂದ ಪಿಟೀಲು. ಖಾಲಿ ತಾಟು. ಕತ್ತು ವಾಲಿತು. ಆಮೇಲೆ ಆ ಕೈ ಬಂತು. ಹಸಿರು ಬಳೆ, ಸುಟ್ಟ ಕಲೆ. ಬಾಗಿಲು ಮುಚ್ಚಿತು.

"ಅಯ್ಯ, ಅದು ನಮ್ಮ ರೊಟ್ಟಿ ಅಕ್ಕನ ಕೈ ಅಲ್ಲೇನ?" ಎಂದು ಹಿಂದೆ ಯಾರೋ ಅಂದರು.

ಎದುರು ಮನೆಯವಳು ಎಷ್ಟು ಜೋರಾಗಿ ಅತ್ತಳೆಂದರೆ ಅವಳ ತೊಡೆಯ ಮೇಲಿನ ಕೂಸು ಹೆದರಿ ತಾನೂ ಅತ್ತಿತು. ಕಪ್ ಗೆದ್ದವರಿಗೆ ಚಪ್ಪಾಳೆ ಬೀಳಲಿಲ್ಲ. ಎಲ್ಲರ ಕೈಯೂ ಮೂಗು ಒರೆಸುವುದರಲ್ಲಿತ್ತು.

"ನೋಡಿದೇನ ಆಯಿ, ಮಂದಿ ಅತ್ರು!" ಎಂದು ಮೊಮ್ಮಗಳು ನನ್ನನ್ನು ಅಪ್ಪಿಕೊಂಡಳು. ಅವಳ ಪಕ್ಕದ ಕುರ್ಚಿಯಲ್ಲಿ ಸೊಸೆ ಸೆರಗಿನೊಳಗೆ ಬಲಗೈ ಸೇರಿಸಿಕೊಂಡು ಕೂತಿದ್ದಳು.

ಮುಂದಿನ ಎರಡು ದಿನಗಳಲ್ಲಿ ನಮ್ಮ ಮನೆಗೆ ಏಳು ಡಬ್ಬಿ ಬಂದವು. ಉಪ್ಪಿಟ್ಟು, ಅವಲಕ್ಕಿ, ಮಸಾಲಿ ಅನ್ನ, ಹಬ್ಬಕ್ಕೆ ಮಾಡಿ ಉಳಿದ ಕರ್ಚಿಕಾಯಿ. ಸೊಸೆ ಹಿತ್ತಲಿಗೆ ಹೋದದ್ದನ್ನು ನೋಡಿಯೇ ಬರುತ್ತಿದ್ದರು. ಎದುರು ಮನೆಯವಳು ಡಬ್ಬಿಯನ್ನು ನನ್ನ ಮಡಿಲಿಗೆ ತುರುಕಿ ಪಿಸುಗುಟ್ಟಿದಳು. "ಹಾಸಿಗಿ ಬುಡಕ ಇಟ್ಕೊಳ್ರಿ ಆಯಿ. ಆಕಿ ನೋಡದಂಗ ತಿನ್ರಿ."

"ನನ್ನ ಯಾರೂ ಉಪವಾಸ ಕೆಡವಿಲ್ಲ, ಯವ್ವಾ. ಅದು ಸಿನಿಮಾ."

"ಎಷ್ಟ ದೊಡ್ಡ ಮನಸರಿ ನಿಮ್ದು! ಇಷ್ಟಾದ್ರೂ ಸೊಸಿ ಮಾನ ಕಾಯ್ತೀರಿ."

"ಆವತ್ತ ಐದು ಹೋಳಿಗಿ ತಿಂದೇನಿ ನಾ."

"ಪಾಪ," ಎಂದು ಅವಳು ನನ್ನ ತಲೆ ಸವರಿದಳು. "ವಯಸ್ಸಾತು, ಅರವು ಮರವು."

ಇಲ್ಲ ಎಂದರೆ ದೊಡ್ಡ ಮನಸ್ಸು, ಲೆಕ್ಕ ಹೇಳಿದರೆ ಅರವು ಮರವು. ಹಾಗಾದರೆ ಕಣ್ಣಾರೆ ನೋಡಲಿ ಎಂದು ಮಧ್ಯಾಹ್ನ ತಾಟು ತುಂಬ ಬಡಿಸಿಕೊಂಡು ಅದೇ ಮೆಟ್ಟಿಲ ಮೇಲೆ ಕೂತು ಉಂಡೆ. ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. "ನೋಡವಾ, ಹೊರಗ ಕುಂಡ್ರಿಸಿ ಹಾಕ್ಯಾರ," ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು.

ಇಷ್ಟರಲ್ಲಿ ಹತ್ತು ಮನೆಗಳಲ್ಲಿ ಏಳು ಮನೆಯವರು ಈ ವಾರ ರೊಟ್ಟಿ ಬೇಡ ಎಂದಿದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆ ಹೆಚ್ಚಾಯಿತು, ಒಬ್ಬರಿಗೆ ಬೀಗರು ಬಂದರು, ಒಬ್ಬರ ಮನೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಚಪಾತಿ ಕಡೆಗೆ ವಾಲಿದರು. ರೆಸಾರ್ಟಿನ ಅಡಿಗೆಯವನು ನಮ್ಮ ಓಣಿಯವನೇ. ಅವನೂ ಬರುವುದು ಬಿಟ್ಟ. ರಜೆಯ ಮಂದಿ ಬಂದು ತುಂಬಿದ್ದ ವಾರ ಅದು, ವರ್ಷದಲ್ಲಿ ಸೊಸೆಯ ಹಂಚಿಗೆ ಬಿಡುವೇ ಇಲ್ಲದ ವಾರ.

ಎರಡನೇ ದಿನ ಸಂಜೆ ಸೊಸೆ ಪರಾತದಲ್ಲಿದ್ದ ಜೋಳದ ಹಿಟ್ಟನ್ನು ತಿರುಗಿ ಡಬ್ಬಿಗೆ ಸುರಿಯುತ್ತಿದ್ದಳು. ಸೀರೆಯ ಮೇಲೆ ನನ್ನ ಮಗನ ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದಳು. ತೋಳು ಬೆರಳ ತನಕ ಬಂದಿತ್ತು.

"ನಾಳಿಂದ ಹಂಚ ಇಡಂಗಿಲ್ರಿ ಅತ್ತಿ."

"ಯಾಕ?"

"ಅತ್ತಿಗೆ ಅನ್ನಾ ಹಾಕದಾಕಿ ಬಡದ ರೊಟ್ಟಿ ಯಾರ್ ತಿಂತಾರ್ರಿ?"

ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಬಟ್ಟೆ ಕಟ್ಟಿದಳು. ಇಪ್ಪತ್ತು ವರ್ಷ ಅವಳು ಮಾಡಿದ ರೊಟ್ಟಿ ತಿಂದಿದ್ದೇನೆ, ಆ ಡಬ್ಬಿಗೆ ಬಟ್ಟೆ ಕಟ್ಟಿದ್ದನ್ನು ನೋಡಿದ್ದು ಅದೇ ಮೊದಲು.

ಮಗ ಟೀವಿಯ ಮುಂದಿದ್ದ. "ನಾಕ ದಿನ ಮಾತಾಡ್ತಾರ, ಆಮ್ಯಾಲ ಮರೀತಾರ ಬಿಡವಾ," ಎಂದ.

"ನೀ ಹೋದ ವರ್ಷ ಸೊನ್ನಿಗೆ ಔಟಾದದ್ದನ್ನ ಮಂದಿ ಇನ್ನಾ ಮರತಿಲ್ಲ. ಇದನ್ನ ಮರೀತಾರ?"

ಮೊಮ್ಮಗಳ ಮುಖ ಸಣ್ಣದಾಗಿತ್ತು. ಅವ್ವನ ಹತ್ತಿರ ಹೋಗಲು ಧೈರ್ಯವಿಲ್ಲದೆ ನನ್ನ ಹತ್ತಿರ ಬಂದಳು. "ಆಯಿ, ಇನ್ನೊಂದು ಸಿನಿಮಾ ಮಾಡೂಣು. ಅವ್ವ ನಿನಗ ತುತ್ತು ಮಾಡಿ ಉಣಸೂವಂಗ."

"ಮಾಡು. ನನ್ನ ಕೈ ಮುರದಾಳ ಅಂತಾರ."

ಮರುದಿನ ನಸುಕಿನಲ್ಲಿ ಎದ್ದು ಸೊಸೆಯನ್ನು ಎಬ್ಬಿಸಿದೆ. "ಆ ಅಂಗಿ ತಗದು ಒಗಿ. ಹಂಚ ಇಡು," ಎಂದೆ. ಯಾಕೆ ಎಂದು ಕೇಳಿದಳು. ಏಳು ಡಬ್ಬಿ ತೊಳೆದು ಸಾಲಾಗಿ ಇಟ್ಟದ್ದನ್ನು ತೋರಿಸಿದೆ. ಬಂದ ಡಬ್ಬಿಯನ್ನು ನಮ್ಮಲ್ಲಿ ಖಾಲಿ ತಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ರೊಟ್ಟಿ ಬೇಡ ಎನ್ನಬಹುದು, ತಮ್ಮ ಡಬ್ಬಿ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಒಂದೊಂದಕ್ಕೂ ಎರಡು ಬಿಸಿ ರೊಟ್ಟಿ, ಮೇಲೊಂದು ಮುದ್ದೆ ಶೇಂಗಾ ಚಟ್ನಿ.

ಡಬ್ಬಿಗಳ ಬುಟ್ಟಿ ಸೊಸೆಯ ಸೊಂಟದ ಮೇಲೆ. ನಾನು ಮುಂದೆ. ಮಿಲ್ಲಿನ ಪಾಳಿಗೆ ಹೋಗುವವರು, ಹಾಲು ತರುವವರು, ಎಲ್ಲರೂ ರಸ್ತೆಯಲ್ಲಿದ್ದರು.

"ಲಗೂ ನಡಿ. ಬಸರ ಹೆಣಮಗಳ ಗತೆ ನಡೀತಿಯಲ್ಲ!" ಎಂದು ನಾನು ತಿರುಗಿ ಕೂಗಿದೆ.

"ನೀವು ಎರಡು ರೊಟ್ಟಿ ತಿಂದು ಹೊಂಟೀರಿ!" ಎಂದು ಅವಳು ನನಗಿಂತ ಜೋರಾಗಿ ಕೂಗಿದಳು. "ನಾ ಇನ್ನಾ ಚಾನೂ ಕುಡದಿಲ್ಲ!"

ಓಣಿಯಲ್ಲಿ ಎರಡು ಕಿಟಕಿ ತೆರೆದವು. ನಾನು ಹೋಗಿ ಎದುರು ಮನೆಯ ಬಾಗಿಲು ಬಡಿದೆ. ಅವಳು ಕೂಸನ್ನು ಎತ್ತಿಕೊಂಡು ಬಂದು ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಬಾಯಿ ತೆರೆದಳು.

"ಮೊದಲ ನನ್ನ ಸೊಸಿಗೆ ಒಂದು ಕಪ್ ಚಾ ಕೊಡು. ಆಕಿ ಹಸದಾಳ," ಎಂದೆ. "ಆಮ್ಯಾಲ ನಿನ್ನ ಡಬ್ಬಿ ತಗದು ರೊಟ್ಟಿ ಮುರಿ. ನನ್ನ ಮುಂದ."

ಚಹಾ ಬಂತು. ಸೊಸೆ ಹೊಸ್ತಿಲ ಒಳಗೆ ಕೂತು ಬಲಗೈಯಲ್ಲೇ ಕಪ್ ಹಿಡಿದು ಕುಡಿದಳು. ಎದುರು ಮನೆಯವಳು ಆ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು, ರೊಟ್ಟಿ ಮುರಿದು ಬಾಯಿಗಿಟ್ಟಳು.

"ಮೆತ್ತಗ ಅದಾವು," ಎಂದಳು ಸಣ್ಣ ದನಿಯಲ್ಲಿ.

"ಅದು ನನಗ ಗೊತ್ತೈತಿ. ನಾಳಿಗೆ ಎಷ್ಟು?"

"ಹತ್ತು ಸಾಕ್ರಿ ಆಯಿ."

"ಅಷ್ಟು ಜೋರ ಅತ್ತೀದಿ, ಇಪ್ಪತ್ತು ತಗೋ."

ಅವಳು ತಲೆಯಾಡಿಸಿದಳು. ಸೊಸೆ ಕಪ್ ಕೆಳಗಿಟ್ಟು ಎದ್ದಳು. ಬುಟ್ಟಿಯಲ್ಲಿ ಇನ್ನೂ ಆರು ಡಬ್ಬಿ ಇದ್ದವು, ರೊಟ್ಟಿ ಆರುತ್ತಿದ್ದವು. ಮುಂದಿನ ಮನೆಗೆ ನಡೆದೆವು.