ಗಡಿತಾತನ ಏಳು

ನಿವೃತ್ತ ಸೈನಿಕರ ಆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ನೋವಿನ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಗುಣವಾಗದ ಕಾಯಿಲೆಯವರ ವಾರ್ಡು ಅವಳದು. ಉಳಿದಷ್ಟು ಕಾಲ ಅವರು ನರಳದಂತೆ ನೋಡಿಕೊಳ್ಳುವುದೇ ಕೆಲಸ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟೆಂದು ಕೇಳಬೇಕು, ಹೇಳಿದ ಅಂಕಿಗೆ ತಕ್ಕಂತೆ ಮಾರ್ಫಿನ್ ಕೊಡಬೇಕು. ಸಿಪಾಯಿಗಳು ನೋವನ್ನು ಬಚ್ಚಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಪರದೆ ಎಳೆದು, ಸ್ಟೂಲು ಹಾಕಿಕೊಂಡು ರೋಗಿಯ ಎದುರಿಗೇ ಕೂತು ಕೇಳುತ್ತಿದ್ದಳು.

ಗಡಿತಾತ ಮಾತ್ರ ಬಾಯಿ ಬಿಡಲಿಲ್ಲ. ಪ್ರಾಯವನ್ನೆಲ್ಲ ಗಡಿಠಾಣೆಗಳ ಕಾವಲಿನಲ್ಲಿ ಸವೆಸಿದವರು. ಈಗ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಹಣೆಯ ಮೇಲೆ ಬೆವರು ಮೂಡಿದ್ದರೂ ಉತ್ತರ ಒಂದೇ: "ಎರಡು, ಡಾಕ್ಟರಮ್ಮ."

ಹೀಗಿರುವಾಗ ಹೊಸಬನೊಬ್ಬ ಬಂದ. ವಾರ್ಡಿನವರ ಬಾಯಲ್ಲಿ ಮರಿ ಡಾಕ್ಟರು. ಬಂದ ವಾರದಲ್ಲೇ ತಾತ ಅವನಿಗೆ "ಏಳು" ಎಂದರಂತೆ. ಅವನು ಔಷಧಿ ಹೆಚ್ಚಿಸಿದ, ತಾತ ನೆಮ್ಮದಿಯಾಗಿ ಮಲಗಿದರು. ನರ್ಸ್ ಇದನ್ನು ಹೇಳಿದಾಗ ಅವಳಿಗೆ ಸಂತೋಷವಾಗಬೇಕಿತ್ತು. ಎದೆಯಲ್ಲಿ ಕೆಂಡ ಬಿದ್ದಂತಾಯಿತು.

ಮನೆಯಲ್ಲೂ ಅವಳ ಪಾಡು ಇದೇ. ಫೋನಿನಲ್ಲಿ ಅಮ್ಮ ಅವಳನ್ನು ಊಟವಾಯಿತೇ ಎಂದಷ್ಟೇ ವಿಚಾರಿಸುತ್ತಿದ್ದಳು. ಕಷ್ಟಸುಖ ಹೇಳಿಕೊಳ್ಳುವುದೆಲ್ಲ ತಂಗಿಯ ಹತ್ತಿರ. ಗಂಡನಿಗೆ ತಾತನ ವಿಷಯ ಹೇಳಿದರೆ ಅವನು ನಕ್ಕುಬಿಟ್ಟ. "ನೋವು ಕಮ್ಮಿ ಅಂದ್ರೆ ಬೇರೆ ಡಾಕ್ಟರಿಗೆಲ್ಲ ಖುಷಿ ಆಗತ್ತೆ. ನಿಂಗೆ ಹೊಟ್ಟೆಕಿಚ್ಚು!"

ಆಮೇಲೊಂದು ದಿನ ಮರಿ ಡಾಕ್ಟರು ಸಂಜೆಯವರೆಗೆ ರಜೆ ಹಾಕಿದ. ತಾತನ ದವಡೆ ಮತ್ತೆ ಬಿಗಿಯಿತು, ಬೆರಳುಗಳು ಹೊದಿಕೆಯನ್ನು ಹಿಡಿದವು. ಅವಳು ಪರದೆ ಎಳೆದು ಕೇಳಿದಳು.

"ಎರಡು," ಎಂದರು ತಾತ. ಅವಳ ಭುಜದ ಪಕ್ಕದಿಂದ ಕತ್ತು ಚಾಚಿ ಪರದೆಯ ಕಡೆ ನೋಡಿದರು. "ಮರಿ ಡಾಕ್ಟರು ಯಾವಾಗ ಬರ್ತಾರೆ?"

ಅವನು ಬರುವುದು ಸಂಜೆಗೆ. ಅಲ್ಲಿಯವರೆಗೂ ಈ ಮುದುಕ ಹಲ್ಲು ಕಚ್ಚಿಕೊಂಡೇ ಇರುತ್ತಾರೆ ಎಂಬುದು ಸ್ಪಷ್ಟವಾಯಿತು. ಅವಳು ಹೊಟ್ಟೆಕಿಚ್ಚನ್ನು ನುಂಗಿಕೊಂಡು ಅವನಿಗೇ ಫೋನು ಮಾಡಿದಳು. ತಾತನನ್ನು ಹೇಗೆ ಮಾತಾಡಿಸುತ್ತೀಯ ಎಂದಳು.

"ವಿಶೇಷ ಏನಿಲ್ಲ ಮೇಡಂ. ನಂಗೆ ಸೊಂಟ ನೋವಲ್ವಾ, ನಿಮ್ಮ ಸ್ಟೂಲ್ ಮೇಲೆ ಕೂರಕ್ಕಾಗಲ್ಲ. ತಾತನ ತಲೆ ಹತ್ರ ಕಿಟಕಿ ಕಟ್ಟೆ ಮೇಲೆ ಕೂತ್ಕೋತೀನಿ. ಪರದೆ ಎಳೆಯೋದು ಮರ್ತೋಗತ್ತೆ. ಬೈಬೇಡಿ."

ಬೈಯಲಿಲ್ಲ. ನೇರ ಹೋಗಿ ಅದೇ ಕಟ್ಟೆಯ ಮೇಲೆ ಕೂತಳು. ಅಲ್ಲಿಂದ ತಾತನಿಗೆ ಕಾಣುವುದೇ ಅವಳಿಗೂ ಕಂಡಿತು: ಎಳೆದ ಪರದೆ, ಅದರ ಮುಂದೆ ಅವಳ ಖಾಲಿ ಸ್ಟೂಲು. ವಾರ್ಡಿನ ಬಾಗಿಲು ಪರದೆಯ ಆಚೆ. ಜೀವಮಾನವೆಲ್ಲ ಕಾವಲು ಕಾಯ್ದವರ ಕಣ್ಣಿಗೆ ಅಡ್ಡ ಕೂತು, ಮನಸ್ಸು ಬಿಚ್ಚಿ ಮಾತಾಡಿ ಎಂದಿದ್ದಳು ಅವಳು.

ಎದ್ದು ಪರದೆ ಸರಿಸಿ ಬಂದು ಕೂತಳು. ಈಗ ಇಬ್ಬರ ಕಣ್ಣೂ ಬಾಗಿಲ ಮೇಲಿತ್ತು. ತಾತನ ಬೆರಳು ಸಡಿಲವಾಯಿತು.

"ಎಂಟು, ಡಾಕ್ಟರಮ್ಮ."

ಮರಿ ಡಾಕ್ಟರಿಗೆ ಹೇಳಿದ್ದಕ್ಕಿಂತ ಒಂದು ಜಾಸ್ತಿ! ಮೊದಲು ಹೊಳೆದದ್ದು ಅದೇ. ಮರುಕ್ಷಣ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಾನೇ ಓಡಿ ಇಂಜೆಕ್ಷನ್ ತಂದಳು.

ನೋವು ಇಳಿಯುತ್ತಿದ್ದಂತೆ ತಾತನಿಗೆ ಜೋಂಪು ಹತ್ತಿತು. ಆದರೂ ಕಣ್ಣು ಮುಚ್ಚಲೊಲ್ಲರು.

"ಮಲ್ಕೊಳ್ಳಿ ತಾತ," ಎಂದಳು. "ಬಾಗಿಲು ನಾನು ನೋಡ್ಕೋತೀನಿ."

"ಎದ್ದು ಹೋಗ್ಬೇಕಾದ್ರೆ ಎಬ್ಬಿಸಿ ಹೋಗಿ. ಕಾವಲು ಬಿಟ್ಟು ಹೇಳ್ದೆ ಹೋಗೋದು ತಪ್ಪು."

ಸಂಜೆ ಮರಿ ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡು, ನಗುತ್ತ ಒಳಗೆ ಕಾಲಿಟ್ಟ. ಅವಳು ಕಟ್ಟೆಯ ಮೇಲಿಂದಲೇ ತುಟಿಗೆ ಬೆರಳಿಟ್ಟು ಅವನನ್ನು ಅಲ್ಲೇ ತಡೆದಳು. ಅದರಲ್ಲಿ ತಾತನ ನಿದ್ದೆಯ ಪಾಲು ಎಷ್ಟು, ತನ್ನ ಹೊಟ್ಟೆಕಿಚ್ಚಿನ ಪಾಲು ಎಷ್ಟು ಎಂದು ಅಳೆಯಲು ಹೋಗಲಿಲ್ಲ.