ಸ್ಯಾಕ್ಸೊಫೋನಿನ ಕೆಳಗಿನ ಸ್ವರ

ಚಿತ್ರದುರ್ಗದ ಸಂತೇಪೇಟೆಯಲ್ಲಿ ನಮ್ಮದು ಬ್ಯಾಂಡ್‌ಸೆಟ್ ವಾದ್ಯಗಳ ರಿಪೇರಿ ಅಂಗಡಿ. ಅಬ್ಬಾನ ಕಾಲದಿಂದಲೂ ಹೊಳಲ್ಕೆರೆ, ಹೊಸದುರ್ಗದ ಕಡೆಯ ಮದುವೆ ಬ್ಯಾಂಡಿನವರು ಏನು ಕೆಟ್ಟರೂ ನಮ್ಮಲ್ಲಿಗೇ ತರುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆಂದು ಬಾಗಿಲು ಎಳೆಯುತ್ತಿದ್ದೆ. ನಮ್ಮೂರ ಕ್ಲಬ್ಬಿನ ಸೆಕ್ರೆಟರಿ ಸ್ಕೂಟರಿನಲ್ಲಿ ಬಂದರು. ಹಿಂದೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಉದ್ದನೆಯ ಪೆಟ್ಟಿಗೆಯನ್ನು ಅಡ್ಡ ಹಿಡಿದು ಕೂತಿದ್ದಳು.

"ಭಾಯ್, ಬಾಗ್ಲು ಹಾಕಬ್ಯಾಡ್ರಿ. ಸಾಯಂಕಾಲ ಆರಕ್ಕೆ ಕ್ಲಬ್‌ನಾಗೆ ಇವ್ರ ಜಾಝ್ ಪ್ರೋಗ್ರಾಂ ಐತೆ. ಐಮಂಗಲದ ಹತ್ರ ಲಾರಿ ಅಡ್ಡ ಬಂತಂತೆ, ಬ್ರೇಕ್ ಹಾಕಿದ ರಭಸಕ್ಕೆ ಪೆಟ್ಟಿಗೆ ಉರುಳಿ ಬಿದ್ದೈತೆ."

ಒಳಗಿದ್ದದ್ದು ಸ್ಯಾಕ್ಸೊಫೋನ್. ಮದುವೆ ಬ್ಯಾಂಡಿನವರದ್ದಕ್ಕಿಂತ ದೊಡ್ಡದು. ಆಕೆ ಊದಿ ತೋರಿಸಿದಳು. ಮೇಲಿನ ಸ್ವರಗಳು ಸರಿಯಾಗಿದ್ದವು. ಕೆಳಗೆ ಇಳಿದಾಗ ಬರೀ ಗಾಳಿ. ಬುಡದ ಹತ್ತಿರದ ದೊಡ್ಡ ಮುಚ್ಚಳ ಬಗ್ಗಿ, ಅದರೊಳಗಿನ ಚರ್ಮದ ಪ್ಯಾಡ್ ಹರಿದಿತ್ತು.

"ಆಗುತ್ತಾ ಅಂಕಲ್?"

ಅಷ್ಟು ದೊಡ್ಡ ಪ್ಯಾಡ್ ನನ್ನ ಹತ್ತಿರ ಇರಲಿಲ್ಲ. ಆದರೂ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಆಗ್ತೈತೆ, ನಾಲ್ಕೂವರೆಗೆ ಬರ್ರಿ."

ಆಗ ಹಿಡಿದ ಚಡಪಡಿಕೆ ಆ ದಿನವಿಡೀ ಬಿಡಲಿಲ್ಲ. ಹೆಂಡತಿ ಮೂರು ಸಲ ಊಟಕ್ಕೆ ಕರೆದಳು. ನಾನು ಎದ್ದೇಳಲಿಲ್ಲ. ಹಳೇ ಹಾರ್ಮೋನಿಯಂ ಒಂದರ ತಿದಿಯಿಂದ ಬಿಡಿಸಿಟ್ಟಿದ್ದ ತೆಳು ಮೇಕೆ ಚರ್ಮ ಇತ್ತು. ಅದನ್ನು ಗುಂಡಗೆ ಕತ್ತರಿಸಿ, ಒಳಗೆ ಉಣ್ಣೆಬಟ್ಟೆ ಇಟ್ಟು ಹೊಲಿದು, ಬಗ್ಗಿದ್ದ ಮುಚ್ಚಳವನ್ನು ತಟ್ಟಿ ನೆಟ್ಟಗೆ ಮಾಡಿ, ಅರಗು ಕಾಯಿಸಿ ಅದಕ್ಕೆ ಅಂಟಿಸಿದೆ. ಹೊಸ ಪ್ಯಾಡನ್ನು ಒಂದು ದಿನವಾದರೂ ಬಿಗಿಯಾಗಿ ಕಟ್ಟಿಡಬೇಕು, ಆಗ ಚರ್ಮ ತೂತಿನ ಅಂಚಿಗೆ ಹೊಂದಿಕೊಳ್ಳುತ್ತದೆ. ನನಗೆ ಸಿಕ್ಕಿದ್ದು ಒಂದು ಗಂಟೆ. ಆಕೆ ಬಂದು ಎರಡು ಸಲ ಊದಿದಳು, ಸ್ವರ ಹೊರಟಿತು. "ಪ್ರೋಗ್ರಾಮಿಗೆ ಖಂಡಿತ ಬನ್ನಿ" ಅಂದು ಹೋದಳು. ಕರೆಯದಿದ್ದರೂ ನಾನು ಹೋಗುತ್ತಿದ್ದೆ. ಆ ಪ್ಯಾಡನ್ನು ಒಂಟಿಯಾಗಿ ಬಿಡುವ ಧೈರ್ಯ ನನಗಿರಲಿಲ್ಲ. ಅಂಗಿಯ ಜೇಬಿಗೆ ಒಂದು ತುಂಡು ಅರಗು, ಸಣ್ಣ ಸ್ಕ್ರೂಡ್ರೈವರ್ ಹಾಕಿಕೊಂಡು ಹೆಂಡತಿಯನ್ನು ಹೊರಡಿಸಿದೆ.

ಕ್ಲಬ್ಬಿನ ಶಟಲ್ ಕೋರ್ಟಿನಲ್ಲಿ ಕುರ್ಚಿ ಹಾಕಿದ್ದರು. ಪಕ್ಕದ ಕೋಣೆಯಲ್ಲಿ ಎಂದಿನಂತೆ ರಮ್ಮಿ ನಡೆದಿತ್ತು. ವೇದಿಕೆ ಮೇಲೆ ನಾಲ್ಕು ಜನ: ಈಕೆ, ಡ್ರಮ್ಸ್‌ನವನು, ಕೀಬೋರ್ಡಿನವನು, ಪಿಟೀಲಿನಂಥ ಆಳೆತ್ತರದ ಬಾಸ್ ವಾದ್ಯವನ್ನು ತಬ್ಬಿ ನಿಂತ ಒಬ್ಬ ಗಡ್ಡದವನು.

ಮದುವೆ ಬ್ಯಾಂಡಿನಲ್ಲಿ ಹತ್ತು ಜನ ಊದುತ್ತಿದ್ದರೂ ಯಾವನದ್ದು ತಪ್ಪಿತು ಅಂತ ನಾನು ಬೀದಿಯ ಆ ತುದಿಯಿಂದಲೇ ಹೇಳಬಲ್ಲೆ. ಹಾಡು ಗೊತ್ತಿರುತ್ತದೆ, ತಪ್ಪು ಗೊತ್ತಾಗುತ್ತದೆ. ಇಲ್ಲಿ ಹಾಡೇ ಗೊತ್ತಾಗಲಿಲ್ಲ. ಒಂದು ರಾಗ ಶುರುವಾಯಿತು ಅನ್ನುವಷ್ಟರಲ್ಲಿ ಅದನ್ನು ಬಿಟ್ಟು ಎಲ್ಲರೂ ಒಂದೊಂದು ದಿಕ್ಕಿಗೆ ಹೊರಟರು. ಡ್ರಮ್ಸಿನವನು ಪೆಟ್ಟು ಬೀಳಬೇಕಾದ ಕಡೆ ಸುಮ್ಮನಿದ್ದು ಬೇರೆಲ್ಲೋ ಹೊಡೆಯುತ್ತಿದ್ದ. ಆಕೆ ಕೆಳಗಿನ ಸ್ವರಗಳ ಕಡೆ ಇಳಿದಾಗಲೆಲ್ಲ ನಾನು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದೆ. ಮೂರನೆಯ ಹಾಡಿನಲ್ಲಿ ಕರಕರ ಅಂತ ಒಂದು ಒಡಕು ದನಿ ಬಂತು. ಹೋಯ್ತು, ನನ್ನ ಪ್ಯಾಡ್ ಬಿಟ್ಟಿತು ಅಂದುಕೊಂಡೆ. ಬಾಸ್‌ನವನು ನಕ್ಕು ತಲೆದೂಗಿದ. ಯಾಕೆ ನಕ್ಕ?

"ಸುಮ್ನೆ ಕುಂತ್ಕಳ್ರಿ, ಕುರ್ಚಿ ಕಿರುಗುಡ್ತೈತೆ" ಅಂದಳು ಹೆಂಡತಿ.

ಎದ್ದು ವರಾಂಡಕ್ಕೆ ಹೋದೆ. ರಮ್ಮಿ ಆಡುತ್ತಿದ್ದವರಲ್ಲಿ ಒಬ್ಬರು ಎಲೆ ಎಸೆಯುತ್ತಾ, "ಏನಪ್ಪ, ಇವ್ರು ಇನ್ನೂ ಶ್ರುತಿ ಮಾಡ್ಕೊಂತಾನೇ ಅವ್ರಾ?" ಅಂದರು. ನನಗೂ ಹಾಗೇ ಅನ್ನಿಸಿತ್ತು. ಆದರೂ ಅವರ ಬಾಯಲ್ಲಿ ಕೇಳಿ ಸಿಟ್ಟು ಬಂತು. ಒಳಗೆ ಬಂದೆ, ಮತ್ತೆ ಹೊರಗೆ ಹೋದೆ.

ಚಹಾಕ್ಕೆ ಬಿಟ್ಟಾಗ ನೇರ ಆಕೆಯ ಹತ್ತಿರ ಹೋದೆ. "ಮೂರನೇದ್ರಾಗೆ ಕರಕರ ಅಂತ ಬಂತಲ್ಲ, ಅದು ನಂದಾ, ನಿಮ್ದಾ?"

"ಅದು ನಂದು ಅಂಕಲ್. ಬೇಕಂತಲೇ ಹಾಗೆ ಊದಿದ್ದು." ಚಹಾ ಲೋಟ ಕೆಳಗಿಟ್ಟು ಹೇಳಿದಳು: "ನಿಮ್ಮದು ಮೊದಲನೇದ್ರಲ್ಲಿ. ಒಂದು ಸ್ವರ ಹೊರಡಲೇ ಇಲ್ಲ."

ನನಗೆ ಅದು ಗೊತ್ತೇ ಆಗಿರಲಿಲ್ಲ. ಏನಾದರೂ ಹೇಳಬೇಕಲ್ಲ ಅಂತ, "ಎರಡನೇದ್ರಾಗೆ ಕೆಳಗೆ ಬರ್ತಾ ಬರ್ತಾ ತಟಕ್ಕಂತ ಮ್ಯಾಲಕ್ಕೆ ತಿರುಗಿಸಿದ್ರಲ್ಲ, ಅದು ಭಾಳ ಚೆನ್ನಾಗಿತ್ತು" ಅಂದೆ.

"ಅದೂ ನಿಮ್ಮ ಪ್ಯಾಡಿಗೆ ಹೆದರಿ" ಅಂದಳು. ಈ ಸಲ ನಕ್ಕಳು.

ಹತ್ತು ನಿಮಿಷ ಕೊಡಿ ಅಂತ ಕೇಳಿಕೊಂಡು ವಾದ್ಯವನ್ನು ಕ್ಲಬ್ಬಿನ ಅಡಿಗೆಮನೆಗೆ ಒಯ್ದೆ. ಬೋಂಡಾ ಕರಿಯುತ್ತಿದ್ದ ಭಟ್ಟರು ಒಂದು ಒಲೆ ಬಿಟ್ಟುಕೊಟ್ಟರು. ಉರಿ ಸಣ್ಣದು ಮಾಡಿ ಮುಚ್ಚಳವನ್ನು ದೂರದಿಂದ ಕಾಯಿಸಿದೆ. ಹೆಚ್ಚು ಕಾದರೆ ಚರ್ಮ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಅರಗು ಕರಗುವುದಿಲ್ಲ. ಸಿಗರೇಟ್ ಪ್ಯಾಕಿನ ತೆಳು ಹಾಳೆಯ ಚೂರೊಂದನ್ನು ಪ್ಯಾಡಿನ ಕೆಳಗಿಟ್ಟು ಸುತ್ತಲೂ ಎಳೆದು ನೋಡಿದೆ. ಎಲ್ಲ ಕಡೆ ಬಿಗಿಯಾಗಿತ್ತು, ಒಂದು ಕಡೆ ಮಾತ್ರ ಹಾಳೆ ಜಾರಿ ಬಂತು, ಗಾಳಿ ಸೋರುತ್ತಿದ್ದದ್ದು ಅಲ್ಲೇ. ಅಷ್ಟು ಜಾಗಕ್ಕೆ ಅರಗು ಸೇರಿಸಿ ಒತ್ತಿ ಹಿಡಿದೆ. ಸೆಕ್ರೆಟರಿ ಬಾಗಿಲಲ್ಲಿ ನಿಂತು, "ಆತೇನ್ರಿ? ಜನ ಎದ್ದೋಗ್ತಾವ್ರೆ!" ಅಂತ ಕೂಗಿದರು. ಮತ್ತೆ ಹಾಳೆ ಎಳೆದೆ. ಬರಲಿಲ್ಲ.

ಎರಡನೇ ಭಾಗಕ್ಕೆ ಅರ್ಧ ಕುರ್ಚಿ ಖಾಲಿ. ಆಕೆ ಮೊದಲಿಗೇ ಕೆಳಗಿನ ಸ್ವರಕ್ಕೆ ಇಳಿದು ಉಸಿರು ಮುಗಿಯುವ ತನಕ ಅಲ್ಲೇ ನಿಂತಳು. ದನಿ ತುಂಬಿ ಬಂತು. ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಈಗ ಬೇರೊಂದು ಚಡಪಡಿಕೆ ಶುರುವಾಯಿತು. ಹೆದರಿ ಮೇಲಕ್ಕೆ ತಿರುಗುತ್ತಿದ್ದಳಲ್ಲ, ಕಿವಿ ಅದನ್ನೇ ಹುಡುಕುತ್ತಿತ್ತು. ಆಕೆ ಧಾರಾಳವಾಗಿ ಕೆಳಗೆ ಹೋಗಿ ಬರುತ್ತಿದ್ದಳು, ಅದು ಮತ್ತೆ ಬರಲೇ ಇಲ್ಲ. ರಿಪೇರಿ ಮಾಡಿ ನಾನೇ ಅದನ್ನು ಕೆಡಿಸಿದೆನಾ ಅಂತ ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದೆ.

ಮುಗಿದ ಮೇಲೆ ಆಕೆ ಕೈ ಮುಗಿದಳು. "ಇದು ಒಂದು ತಿಂಗಳು ಬರಬಹ್ದು, ಆಮ್ಯಾಲೆ ಸರಿಯಾದ ಪ್ಯಾಡ್ ಹಾಕಿಸ್ರಿ" ಅಂದೆ. "ಹೂಂ, ಬೆಂಗಳೂರಿಗೆ ಹೋದ ತಕ್ಷಣ ಹಾಕಿಸ್ತೀನಿ" ಅಂದಳು. ನಾನೇ ಹೇಳಿದ ಮಾತು, ಆದರೂ ಅಷ್ಟು ಬೇಗ ಒಪ್ಪಿಕೊಂಡಳಲ್ಲ ಅಂತ ಚುಚ್ಚಿತು.

ಬೈಕ್ ತೆಗೆಯುವಾಗ ಹೆಂಡತಿ ಅಂದಳು: "ನಂಗೆ ಹಿಡಿಸ್ತು. ಮೊದ್ಲು ತಲೆ ಕೆಡ್ತು, ಆಮ್ಯಾಲೆ ಒಬ್ರಿಗೊಬ್ರು ಮಾತಾಡಿಕೊಂಡಂಗೆ ಕೇಳಿಸ್ತು. ನೀವು ಒಂದು ಹಾಡಾದ್ರೂ ಪೂರ್ತಿ ಕೇಳಿದ್ರಾ?"

ಇಲ್ಲ ಅಂದೆ.